ಹಾಲಿನ ಪುಡಿಯ ಮಂಗಳವಾರ

ನಾನು ಚಿಕ್ಕವಳಿದ್ದಾಗ ನಮ್ಮ ಕಡೆಗೆ ಹಾಲು ಮೂಟೆಯಲ್ಲಿ ಬರುತ್ತಿತ್ತು ಎಂದರೆ ನೀವು ನಗುತ್ತೀರಿ. ಅದು ಹಾಲಿನ ಪುಡಿ. ಬಡ ಬಾಣಂತಿಯರಿಗೂ ಎಳೆಯ ಮಕ್ಕಳಿಗೂ ಕೊಡಲೆಂದು ಸರ್ಕಾರದವರು ಅದನ್ನು ಪ್ರತಿ ಮಂಗಳವಾರ ಪಕ್ಕದ ದೊಡ್ಡೂರಿನ ಛತ್ರದ ಜಗುಲಿಯಲ್ಲಿ ಹಂಚಿಸುತ್ತಿದ್ದರು. ನಮ್ಮದು ಗೌರಿಬಿದನೂರಿನಿಂದ ಆಚೆ, ಆಂಧ್ರದ ಗಡಿಗೆ ಹತ್ತಿರವಿದ್ದ ಹಳ್ಳಿ. ಊರಿನ ಹೊರಗಿದ್ದ ಕೇರಿಯಲ್ಲಿ ನಮ್ಮ ಮನೆ.

ಆಗ ನನಗೆ ಎಂಟು ವರ್ಷ. ತಮ್ಮ ಹುಟ್ಟಿ ಐದು ತಿಂಗಳಾಗಿತ್ತು. ಹೆರಿಗೆಯಾದ ತಿಂಗಳಿಗೇ ಅಮ್ಮ ಕಡಲೆಕಾಯಿ ಹೊಲಕ್ಕೆ ಕಳೆ ಕೀಳಲು ಹೋಗಿದ್ದಳು. ಒಂದು ಹೊತ್ತಿನ ಅಂಬಲಿ ಕುಡಿದು ಇಡೀ ದಿನ ಬಗ್ಗಿ ದುಡಿಯುವ ಮೈಯಲ್ಲಿ ಹಾಲು ಎಲ್ಲಿಂದ ಬರಬೇಕು? ತಮ್ಮನ ಕೈಕಾಲು ಕಡ್ಡಿಯಂತಾಗಿ ತೊಡೆಯ ಚರ್ಮ ಜೋತುಬಿದ್ದಿತ್ತು. ಮೊದಮೊದಲು ಹಸಿದು ಕಿರುಚುತ್ತಿದ್ದ. ಆಮೇಲೆ ಅಳುವುದನ್ನೇ ಬಿಟ್ಟ. ನನಗೆ ಅದರಿಂದ ಸಮಾಧಾನವಾಗಿತ್ತು. ಅಮ್ಮನಿಗೆ ಭಯ ಹತ್ತಿತ್ತು.

ಹಿಂದಿನ ಮಂಗಳವಾರ ಹೋದಾಗ ನಮ್ಮ ಸರದಿ ಬರುವ ಮೊದಲೇ ಪುಡಿ ಮುಗಿದಿತ್ತು. ಹಾಗಾಗಿ ಈ ಸಲ ಕೋಳಿ ಕೂಗುತ್ತಲೇ ಹೊರಟೆವು. ಅಮ್ಮನ ಸೆರಗಿನೊಳಗೆ ತಮ್ಮ, ನನ್ನ ಕೈಯಲ್ಲಿ ಪಾತ್ರೆ. ಕಾಲಿಗೆ ಇಬ್ಬನಿ ಮೆತ್ತಿಕೊಳ್ಳುತ್ತಿತ್ತು. ಛತ್ರದ ಮುಂದೆ ಎಲ್ಲರಿಗಿಂತ ಮೊದಲು ತಲುಪಿದವರು ನಾವೇ. ಆದರೆ ಜಗುಲಿ ನಮಗಲ್ಲ. ನಮ್ಮ ಕೇರಿಯ ಹೆಂಗಸರು ಅಂಗಳದ ಆಚೆಗಿದ್ದ ಹೊಂಗೆಮರದ ಕೆಳಗೆ ನಿಲ್ಲಬೇಕು. ಜಗುಲಿಯ ಸಾಲು ಪೂರ್ತಿ ಕರಗಿದ ಮೇಲೆ ನಮ್ಮನ್ನು ಕೂಗುತ್ತಿದ್ದರು. ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಎಂಟು ವರ್ಷದ ನನಗೂ ಗೊತ್ತಿತ್ತು.

ಬಿಸಿಲೇರಿತು. ನಮಗಿಂತ ಎಷ್ಟೋ ಹೊತ್ತಿನ ಮೇಲೆ ಬಂದವರು ನೇರವಾಗಿ ಜಗುಲಿ ಹತ್ತಿದರು. ಅಲ್ಲಿ ಹೊಸದಾಗಿ ಬಂದಿದ್ದ ನರ್ಸಮ್ಮ ಮೇಜಿನ ಮುಂದೆ ಕೂತು ಮಕ್ಕಳನ್ನು ನೋಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಮೂಟೆಯಿಂದ ಪುಡಿ ಮೊಗೆದು ಹಾಕುತ್ತಿದ್ದ. ಗಾಳಿ ಬೀಸಿದಾಗಲೆಲ್ಲ ಅದರ ಸಿಹಿ ವಾಸನೆ ಮರದವರೆಗೂ ಬಂದು ಬಾಯಲ್ಲಿ ನೀರೂರುತ್ತಿತ್ತು. ನೋಡನೋಡುತ್ತ ಮೂಟೆ ಸೊರಗಿ ಮಡಚಿಕೊಂಡಿತು.

ಅಮ್ಮ ಒಮ್ಮೆಲೇ ಹೊರಟುಬಿಟ್ಟಳು. ಹೆದರಿ ಅವಳ ಸೀರೆ ಹಿಡಿದು ಜಗ್ಗಿದೆ. ನಿಲ್ಲಲಿಲ್ಲ. ಅಂಗಳ ದಾಟಿ ಮೆಟ್ಟಿಲು ಹತ್ತಿದಳು. ಸಾಲಿನಲ್ಲಿದ್ದವರು ಮೈ ತಾಗೀತೆಂದು ಸರಕ್ಕನೆ ಸರಿದರು.

"ಏನೇ, ಎಲ್ಲಿಗೆ ಬರ್ತಿದೀಯ? ಇಳಿಯೇ ಕೆಳಗೆ!" ಎಂದು ಅವರಲ್ಲೊಬ್ಬಳು ಕೂಗಿದಳು.

ಅಮ್ಮ ಅವಳತ್ತ ತಿರುಗಲಿಲ್ಲ. ತಮ್ಮನನ್ನು ನರ್ಸಮ್ಮನ ಮುಂದೆ ಮೇಜಿನ ಮೇಲೆ ಮಲಗಿಸಿದಳು. "ನನ್ನ ಮುಟ್ಬೇಡಿ ತಾಯಿ. ಈ ಮಗೂನ ಒಂದ್ಸಲ ನೋಡಿ," ಎಂದಳು.

ನರ್ಸಮ್ಮ ತಮ್ಮನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ಹಾಗೇ ನೆರಿಗೆಯಾಗಿ ನಿಂತುಕೊಂಡಿತು.

"ಏನಮ್ಮಾ ಇದು! ಇಷ್ಟು ದಿನ ಎಲ್ಲಿದ್ದೆ ನೀನು?"

"ಅಲ್ಲೇ ಇದ್ದೆ. ಆ ಮರದ ಕೆಳಗೆ."

ನರ್ಸಮ್ಮ ತಲೆಯೆತ್ತಿ ಮರದತ್ತ ನೋಡಿದರು. ಅಲ್ಲಿ ಮಕ್ಕಳನ್ನೆತ್ತಿಕೊಂಡು ನಿಂತಿದ್ದ ನಮ್ಮವರನ್ನೆಲ್ಲ ನೋಡಿದರು. ಪುಡಿ ಹಂಚುವವನು "ಮುಗೀತು ಸಿಸ್ಟರ್" ಎಂದ. ಅವರು ಮೂಟೆಯನ್ನು ಅವನ ಕೈಯಿಂದ ಕಿತ್ತುಕೊಂಡು, ತಿರುವಿ, ಹೊಲಿಗೆಯ ಸಂದಿಯಲ್ಲಿದ್ದುದನ್ನೆಲ್ಲ ಕೆರೆದು ತೆಗೆದರು. ಒಂದು ಹಿಡಿ ಸಿಕ್ಕಿತು. ತಾವೇ ಬಿಸಿನೀರಲ್ಲಿ ಕದಡಿ ಚಮಚದಲ್ಲಿ ಕುಡಿಸಿದರು. ಒಳಗೆ ಹೋದದ್ದಕ್ಕಿಂತ ಕಟಬಾಯಿಂದ ಹರಿದದ್ದೇ ಹೆಚ್ಚು.

"ಈಗಲೇ ಗೌರಿಬಿದನೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗು. ನಾಳೆ ಅನ್ನಬೇಡ," ಎಂದು ಚೀಟಿ ಬರೆದುಕೊಟ್ಟರು.

ರಸ್ತೆಗೆ ಬಂದು ಬಸ್ಸಿಗೆ ಕಾದೆವು. ಆಗ ಬಸ್ಸೆಂದರೆ ದಿನಕ್ಕೆ ಎರಡು. ಅಮ್ಮ ಸೆರಗಿನಿಂದ ತಮ್ಮನಿಗೆ ಗಾಳಿ ಹಾಕುತ್ತಿದ್ದಳು. ಎಷ್ಟೋ ಹೊತ್ತಾದ ಮೇಲೆ ಹಾಕುವುದನ್ನು ನಿಲ್ಲಿಸಿದಳು. ದೂರದಲ್ಲಿ ಧೂಳೆಬ್ಬಿಸಿಕೊಂಡು ಬಸ್ಸು ಬಂತು. ನಾನು ಓಡಿಹೋಗಿ ಕೈ ತೋರಿಸಿದೆ. ಅಮ್ಮ ಹಿಂದಿನಿಂದ ಬಂದು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ನನಗೆ ಗೊತ್ತಾದದ್ದು ಆಗಲೇ.

ಮುಂದಿನ ಮಂಗಳವಾರವೂ ಅಮ್ಮ ಕೇರಿಯ ಹೆಂಗಸರ ಜೊತೆ ಹೋದಳು. ನರ್ಸಮ್ಮ ಮೇಜನ್ನು ಜಗುಲಿಯಿಂದ ಅಂಗಳಕ್ಕೆ ಇಳಿಸಿದ್ದರು. ಮೊದಲು ಬಂದವರಿಗೆ ಮೊದಲು, ಎಲ್ಲರಿಗೂ ಒಂದೇ ಸಾಲು. ನಮ್ಮವರ ಹಿಂದೆ ನಿಲ್ಲಲಾಗದೆ ಕೆಲವರು ಬರಿಗೈಯಲ್ಲಿ ಮನೆಗೆ ಹೋದರು. ನಮ್ಮ ಕೇರಿಯ ಕೊನೆಯ ಹೆಂಗಸಿಗೂ ಪುಡಿ ಸಿಗುವವರೆಗೆ ಅಮ್ಮ ಪಕ್ಕದಲ್ಲಿ ನಿಂತಿದ್ದು ವಾಪಸಾದಳು. "ನೀನ್ಯಾಕಮ್ಮ ಹೋಗಿದ್ದೆ?" ಎಂದು ಕೇಳಿದೆ. "ನೋಡ್ಕೊಂಡು ಬರೋಣ ಅಂತ ಕಣಮ್ಮ," ಎಂದಳು. ಆ ದಿನ ಅವಳು ಒಲೆ ಹಚ್ಚಲಿಲ್ಲ.

ಮಕ್ಕಳೇ, ನಿಮಗೆ ಅಂಗನವಾಡಿಯಲ್ಲಿ ಮೊಟ್ಟೆ, ಹಾಲು ಕೊಟ್ಟಿದ್ದಾರೆ. ಹಾಲು ಬೇಡವೆಂದು ನೀವು ಹಟ ಮಾಡಿದ್ದೂ ಉಂಟು. ನೀವು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮ ಮಧ್ಯಾಹ್ನ ಅಲ್ಲಿಗೇ ಹೋಗಿ ಊಟ ಮಾಡಿಕೊಂಡು ಬರುತ್ತಿದ್ದಳು. ಅವಳು ಬಾಗಿಲಿಗೆ ಬಂದ ಕೂಡಲೇ ನಾನು ಕೇಳುತ್ತಿದ್ದೆ, "ನಿನ್ನ ಎಲ್ಲಿ ಕೂರಿಸಿದ್ರು?"

"ಎಲ್ರ ಜೊತೆಗೇ ಅತ್ತೆ. ದಿನಾ ಅದನ್ನೇ ಯಾಕೆ ಕೇಳ್ತೀರ?" ಎನ್ನುತ್ತಿದ್ದಳು.

ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ಇವತ್ತು ನಿಮಗೆ ಹೇಳಿದ್ದೇನೆ. ಹೋಗಿ ನಿಮ್ಮಮ್ಮನಿಗೂ ಹೇಳಿ.