ನಾರಿನ ಲೈನಿನ ದೊಡ್ಡವ್ವ

ಮೊನ್ನೆ ತಾರಸಿಯ ಮೇಲಿನ ಹೂಕುಂಡಗಳಿಗೆ ಹಾಕಲು ತೆಂಗಿನ ನಾರಿನ ಪುಡಿ ತಂದಿದ್ದೆ. ಬಕೆಟ್ಟಿಗೆ ಸುರಿದು ನೀರು ಹಾಕಿದೆ. ಪುಡಿ ಉಬ್ಬುತ್ತಾ ಬಂದ ಹಾಗೆ ವಾಸನೆ ಎದ್ದಿತು... ನೆನೆದ ಸಿಪ್ಪೆಯ ಒಗರು ವಾಸನೆ. ಅಲ್ಲೇ ಕೂತುಬಿಟ್ಟೆ. ನಾನು ಹುಟ್ಟಿದ ಬೀದಿಯೆಲ್ಲ ಇದೇ ವಾಸನೆ ಹೊಡೆಯುತ್ತಿತ್ತು. ದೊಡ್ಡವ್ವನ ಸೆರಗೂ ಅಷ್ಟೇ.

ಚನ್ನರಾಯಪಟ್ಟಣದಲ್ಲಿ ನಾರಿನ ಮಿಲ್ಲಿನ ಹಿಂದೆ ಹದಿನಾಲ್ಕು ಮನೆಗಳ ಒಂದು ಸಾಲಿತ್ತು. ಒಂದೇ ಉದ್ದನೆಯ ಹೆಂಚಿನ ಸೂರು, ನಡುನಡುವೆ ತೆಳ್ಳಗಿನ ಗೋಡೆ. ಜನ ಅದನ್ನು ನಾರಿನ ಲೈನ್ ಅನ್ನುತ್ತಿದ್ದರು. ಗಂಡಸರು ಮಿಲ್ಲಿಗೆ ಹೋದರೆ ಹೆಂಗಸರು ಬಾಗಿಲ ಮುಂದೆ ಕೂತು ಸಿಪ್ಪೆ ಬಡಿದು, ನಾರು ಬಿಡಿಸಿ, ಹಗ್ಗ ಹೊಸೆಯುತ್ತಿದ್ದರು. ನಮ್ಮ ಪಕ್ಕದ ಮನೆಯವಳು ದೊಡ್ಡವ್ವ. ನಮಗೆ ನೆಂಟಳೇನಲ್ಲ. ಲೈನಿನವರೆಲ್ಲ ಹಾಗೇ ಕರೆಯುತ್ತಿದ್ದರು. ಗಂಡ ಸತ್ತಿದ್ದ, ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದಳು. ಹಗ್ಗ ಹೊಸೆದು ಹೊಸೆದು ಅವಳ ಅಂಗೈ ಎಷ್ಟು ಒರಟಾಗಿತ್ತೆಂದರೆ, ನನಗೆ ಜಡೆ ಹಾಕುವಾಗ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ನನಗೆ ಏಳು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮನಿಗೆ ಆಗ ಐದು ತಿಂಗಳು. ತಂಗಿ ಹುಟ್ಟಿದ ಮೇಲೆ ಅಮ್ಮನ ಜ್ವರ ಇಳಿಯಲೇ ಇಲ್ಲ, ಎದೆಹಾಲೂ ಬರಲಿಲ್ಲ. ಮಗು ದಿನವಿಡೀ ಅತ್ತು, ಆಮೇಲೆ ಅಳುವುದಕ್ಕೂ ಶಕ್ತಿಯಿಲ್ಲದೆ ಸುಮ್ಮನೆ ಮಲಗಿರುತ್ತಿತ್ತು. ಒಂದು ಬೆಳಿಗ್ಗೆ ದೊಡ್ಡವ್ವ ಬಂದು ಅಮ್ಮನ ಪಕ್ಕ ಕೂತು ತುಂಬ ಹೊತ್ತು ಮಾತಾಡಿದಳು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ದೊಡ್ಡವ್ವ ಮಗುವನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡಳು. ಬಾಗಿಲವರೆಗೂ ಹಿಂದೆಯೇ ಹೋದೆ. "ನೀನು ನಿಮ್ಮವ್ವನ ತಾವ ಇರು ಕಣವ್ವ" ಅಂದಳು. ಅಷ್ಟೇ.

ಮಕ್ಕಳಿಲ್ಲದ ಯಾರೋ ಅನುಕೂಲಸ್ಥರಿಗೆ ಕೊಟ್ಟಳಂತೆ. ಊರು ಹೇಳಬಾರದು, ಹೆತ್ತವಳು ಹುಡುಕಿಕೊಂಡು ಬರಬಾರದು ಅಂತ ಮಾತಾಗಿತ್ತಂತೆ. ಅಮ್ಮ ಅದಕ್ಕೆ ಕಟ್ಟುಬಿದ್ದಳು. ಆದರೆ ವರ್ಷಕ್ಕೊಂದು ಸಲ ದೊಡ್ಡವ್ವ ಅಲ್ಲಿಗೆ ಹೋಗಿ ಬಂದು ಸುದ್ದಿ ಹೇಳುತ್ತಿದ್ದಳು. ಮಗು ನಡೆಯುತ್ತಾಳೆ. ಇಸ್ಕೂಲಿಗೆ ಸೇರಿಸಿದ್ದಾರೆ. "ನಿನ್ನಂಗೇ ಕಣೆ, ಎಡಗೈಲಿ ಉಣ್ಣಕ್ಕೋಗಿ ಬೈಸ್ಕತದೆ" ಅಂದ ದಿನ ಅಮ್ಮ ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಹೋದ ಮೇಲೆ ಅಮ್ಮ ನಕ್ಕಿದ್ದೇ ಕಡಿಮೆ.

ಹುಡುಗಿಗೆ ಮದುವೆಯಾಯಿತು ಅಂತ ದೊಡ್ಡವ್ವ ಹೇಳಿದ ವರ್ಷವೇ ಮಿಲ್ಲು ಮುಚ್ಚಿತು. ಲೈನನ್ನು ಕೆಡವಿದರು. ನಾವು ಹಾಸನಕ್ಕೆ ಬಂದೆವು, ದೊಡ್ಡವ್ವ ಎತ್ತ ಹೋದಳೋ ತಿಳಿಯಲಿಲ್ಲ. ಸುದ್ದಿಯೂ ನಿಂತಿತು.

ಹೋದ ವರ್ಷ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ಇನ್ನು ಹೆಚ್ಚು ದಿನವಿಲ್ಲ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದರೆ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಒಂದ್ಸಲ ಕಣ್ಣಾರೆ ನೋಡ್ಬುಟ್ರೆ ಸಾಕು ಕಣವ್ವ. ನಿನ್ ತಂಗಿನ ಹುಡುಕ್ಕಂಡು ಬಾ."

ತಂಗಿಯ ಊರು ಗೊತ್ತಿದ್ದವಳು ದೊಡ್ಡವ್ವ ಒಬ್ಬಳೇ; ಅವಳನ್ನು ಹುಡುಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಲೈನ್ ಇದ್ದ ಜಾಗದಲ್ಲಿ ಕಲ್ಯಾಣ ಮಂಟಪಕ್ಕೆ ಬಂದವರ ಕಾರುಗಳು ನಿಂತಿದ್ದವು. ಪುರಸಭೆಯ ಗುಮಾಸ್ತರು ಒಳ್ಳೆಯವರೇ. ಹಳೆಯ ರಿಜಿಸ್ಟರುಗಳನ್ನು ತೆಗೆಸಿದರು. "ನಾರಿನ ಲೈನ್ ಅಂತ ಬೀದಿನೇ ಇಲ್ವಲ್ಲ ಮೇಡಂ. ಆಯಮ್ಮನ ಹೆಸರು ಹೇಳಿ, ಹಳೇ ವೋಟರ್ ಲಿಸ್ಟ್ ನೋಡಾಣ" ಅಂದರು.

 ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ.  "ದೊಡ್ಡವ್ವ ಅಂತಿದ್ವಲ್ಲ..." ಅಂದಳು. ನಮ್ಮ ಮನೆಗೆ ಅಷ್ಟು ವರ್ಷ ಆಸರೆಯಾಗಿದ್ದವಳ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೂರು ದಿನ ಸಿಕ್ಕ ಸಿಕ್ಕ ಅಂಗಡಿಯಲ್ಲೆಲ್ಲ ವಿಚಾರಿಸಿದೆ. ಕೊನೆಗೆ ಪೇಟೆಯಲ್ಲಿ ಹಗ್ಗ ಮಾರುವ ಮುದುಕರೊಬ್ಬರು, "ಅವಳ ಮಗಳು ಅರಕಲಗೂಡಿನ ಬಸ್ ಸ್ಟ್ಯಾಂಡಲ್ಲಿ ಹೂ ಮಾರ್ತಾಳೆ ನೋಡಿ" ಅಂದರು.

ಆಕೆಗೂ ತಲೆ ನರೆತಿತ್ತು. ದೊಡ್ಡವ್ವ ಸತ್ತು ಆರು ವರ್ಷವಾಗಿತ್ತು. "ನನ್ನ ತಂಗಿ ಇರೋ ಊರು ಹೇಳಿ ಅಕ್ಕ" ಅಂತ ಬೇಡಿಕೊಂಡೆ. ಆಕೆ ಕಟ್ಟುತ್ತಿದ್ದ ಹೂವನ್ನು ಬುಟ್ಟಿಗೆ ಬಿಟ್ಟಳು.

"ಆ ಕೂಸು ಮೂರು ತಿಂಗಳೂ ಬದುಕ್ಲಿಲ್ಲ ಕಣವ್ವ. ಹಳ್ಳಿಮೈಸೂರ್ ತಾವ ಸಾಕಕ್ಕೆ ತಗಂಡಿದ್ದವರ ತ್ವಾಟದಲ್ಲೇ ಮಣ್ಣು ಮಾಡುದ್ರು. ಮಣ್ಣಿಗೆ ನಮ್ಮವ್ವನೂ ಓಗಿತ್ತು."

"ಮತ್ತೆ ವರ್ಷಾ ವರ್ಷಾ ಬಂದು ಹೇಳ್ತಿದ್ದಿದ್ದು?"

"ಮೊದಲ್ನೇ ಸಲ ನಿಜ ಹೇಳಕ್ಕೇ ಓಗಿತ್ತಂತೆ. ನಿಮ್ಮವ್ವ ಬಾಗಿಲಲ್ಲೇ ನಿಂತ್ಕಂಡು, ಕೂಸು ನಗಾಡ್ತದಾ ಅಂತ ಕೇಳ್ತಂತೆ. ಇನ್ನೆಲ್ಲಿಂದ ಹೇಳದು? ಆಮೇಲೆ ವರ್ಷಾ ವರ್ಷಾ ಅಲ್ಲಿಗೆ ಅಂತ ಹೊರಟು ನಮ್ಮನೆಗೆ ಬರದು. ಉಣ್ತಿರ್ಲಿಲ್ಲ. ಈ ಸಲ ಏನು ಹೇಳ್ಲಿ ಅಂತ ನನ್ನೇ ಕೇಳದು."

ಹಾಸನದ ಬಸ್ಸಿನಲ್ಲಿ ಕೂತಾಗ ಸತ್ತವಳ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು. ನಿಜವನ್ನೇ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಂಡೇ ವಾರ್ಡಿಗೆ ಹೋದೆ. ನನ್ನನ್ನು ಕಂಡಿದ್ದೇ ಅಮ್ಮ ಏಳಲು ನೋಡಿದಳು.

"ಸಿಕ್ಕಿದ್ಳಾ?"

"ಸಿಕ್ಕಿದ್ಳಮ್ಮ. ಚೆನ್ನಾಗಿದ್ದಾಳೆ."

"ಯಾವಾಗ ಬತ್ತಾಳೆ?"

"ಬರ್ತಾಳಮ್ಮ... ಬರ್ತೀನಿ ಅಂದಿದ್ದಾಳೆ."

ಮಾರನೆಯ ದಿನ ಅಮ್ಮ ತಲೆ ಬಾಚಿಸಿಕೊಂಡಳು. ಮನೆಯಿಂದ ಹಸಿರು ಸೀರೆ ತರಿಸಿ ಹೊದಿಕೆಯ ಮೇಲೆ ಹರಡಿಸಿಕೊಂಡಳು. ವಾರ್ಡಿನ ಬಾಗಿಲು ಸದ್ದಾದಾಗಲೆಲ್ಲ ಕತ್ತು ತಿರುಗಿಸುತ್ತಿದ್ದಳು. ನರ್ಸ್ ಬಂದರೂ, ಕಸ ಗುಡಿಸುವವರು ಬಂದರೂ... ಪ್ರತಿ ಸಲ ಆ ಮುಖ ಅರಳಿ ಇಳಿಯುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಈಗಲಾದರೂ ಹೇಳಿಬಿಡೋಣ ಅಂತ ಎಷ್ಟು ಸಲ ಬಾಯಿ ತೆರೆದೆನೋ. ಒಂಬತ್ತನೆಯ ದಿನ ಮಧ್ಯಾಹ್ನ ಅಮ್ಮ ಹೋದಳು. ಕತ್ತು ಬಾಗಿಲ ಕಡೆಗೇ ಇತ್ತು.

ಅಮ್ಮ ಹೋಗಿ ವರ್ಷವಾಗುತ್ತಾ ಬಂತು. ದೊಡ್ಡವ್ವ ಹೇಳಿದ್ದನ್ನೆಲ್ಲ ಒಂದೊಂದಾಗಿ ಜ್ಞಾಪಿಸಿಕೊಳ್ಳುತ್ತಿರುತ್ತೇನೆ. ನಡೆಯುತ್ತಾಳೆ ಅಂದಳು, ಓದುತ್ತಾಳೆ ಅಂದಳು, ಮದುವೆಯಾಯಿತು ಅಂದಳು. ಬರುತ್ತಾಳೆ ಅಂತ ಮಾತ್ರ ಅಷ್ಟೂ ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲ. ಅದನ್ನು ಹೇಳಿದವಳು ನಾನು.