ಕಾಡಿನ ಕೋಣೆಯ ಕಾಡಣ್ಣ

ವಸ್ತುಸಂಗ್ರಹಾಲಯದ ಕಾಡಿನ ಕೋಣೆ ಕಾಯುವ ಈತನನ್ನು ಎಲ್ಲರೂ ಕಾಡಣ್ಣ ಎನ್ನುತ್ತಾರೆ. ನಿಜವಾದ ಕಾಡನ್ನು ಮಾತ್ರ ಈತ ಕಂಡವನಲ್ಲ. "ಮಳೆಕಾಡಲ್ಲಿ ಧೂಳು ಜಾಸ್ತಿ ಸಾರ್, ಹುಷಾರು," ಎನ್ನುತ್ತ ಪ್ಲಾಸ್ಟಿಕ್ ಎಲೆಗಳನ್ನು ಒರೆಸುತ್ತಾನೆ. ಎಲೆ ಉದುರುವ ಕಾಡಿನಲ್ಲಿ ಒಂದೆಲೆ ಬಿದ್ದರೂ ಸಾಕು, ಜೀವವೇ ಹೋದಂತೆ ಓಡಿಬಂದು, ಅಂಟು ಹಚ್ಚಿ ಮತ್ತೆ ಕೊಂಬೆಗೇ ಕೂರಿಸುತ್ತಾನೆ. ಜಿಂಕೆಯ ಗಾಜಿನ ಕಣ್ಣು ಮುಟ್ಟಿದ ಮಕ್ಕಳಿಗೆ, "ಅದಕ್ಕೂ ನೋವಾಗುತ್ತೆ ಕಣ್ರೋ!" ಎಂದು ಗದರುತ್ತಾನೆ. ಸಂಜೆ ಬಾಗಿಲು ಹಾಕುವಾಗ ಹಕ್ಕಿಗಳ ಧ್ವನಿಮುದ್ರಣಗಳನ್ನು ಒಂದೊಂದಾಗಿ ನಿಲ್ಲಿಸುತ್ತಾನೆ, ಒಂದನ್ನು ಮಾತ್ರ ಕೊನೆಗೆ ಉಳಿಸಿಕೊಂಡು. ಯಾಕೆಂದು ಕೇಳಿದೆ. "ಇದು ಜೋಡೀನ ಕರೀತಿರೋದು ಸಾರ್. ರೆಕಾರ್ಡ್ ಮಾಡೋವಾಗಲೇ ಆ ಜಾತೀಲಿ ಇದೊಂದೇ ಉಳಿದಿತ್ತಂತೆ," ಎಂದ. ಹಕ್ಕಿ ಮತ್ತೆ ಕರೆದು, ಉತ್ತರಕ್ಕೆಂದು ಸುಮ್ಮನಾಯಿತು. ಕಾಡಣ್ಣ ಅತ್ತಿತ್ತ ನೋಡಿ, ನಾಚುತ್ತಲೇ ಸಿಳ್ಳೆ ಹಾಕಿ ಓಗೊಟ್ಟ. ಆಮೇಲೆ ಅದರ ಸ್ವಿಚ್ ಆರಿಸಿದ.