ಮೌನಪ್ಪ ಮಾಸ್ತರರ ಬಾಸ್ಟನ್

ಇಂಗ್ಲೆಂಡಿನ ಮೂರನೇ ಜಾರ್ಜ್ ರಾಜ ಸತ್ತು ಎಷ್ಟೋ ಕಾಲವಾಗಿದ್ದರೂ ನಮ್ಮ ಮೌನಪ್ಪ ಮಾಸ್ತರರಿಗೆ ಅವನ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಹುಣಸಗಿ ಹಾದಿಯ ನಮ್ಮೂರ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯದ ಪಾಠ ಬಂತೆಂದರೆ ಅವರ ದನಿ ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತು. ಕಾಗದಕ್ಕೆಲ್ಲ ಮುದ್ರೆ ಬೀಳಲೇಬೇಕೆಂಬ ಸ್ಟ್ಯಾಂಪ್ ಕಾಯ್ದೆ, ಚಹಾದ ಮೇಲಿನ ಸುಂಕ, ಆ ಚಹಾವನ್ನು ಬಾಸ್ಟನ್ನಿನ ಜನ ಸಮುದ್ರಕ್ಕೆ ಸುರಿದದ್ದು, ಅದಕ್ಕಾಗಿ ಇಂಗ್ಲೆಂಡು ಇಡೀ ಬಂದರನ್ನೇ ಮುಚ್ಚಿದ್ದು, ಬೇರೆ ವಸಾಹತುಗಳವರು ಬಾಸ್ಟನ್ನಿಗೆ ಅಕ್ಕಿ ಕಳಿಸಿದ್ದು, ಎಲ್ಲವನ್ನೂ ತಾವೇ ದಂಡೆಯ ಮೇಲೆ ನಿಂತು ನೋಡಿದವರ ಹಾಗೆ ಹೇಳುತ್ತಿದ್ದರು. ಯಾರೋ ನಾಲ್ಕು ಮಂದಿ ಸುರಿದರೆ ಊರಿಗೆ ಊರನ್ನೇ ಉಪವಾಸ ಕೆಡವುವುದು ಯಾವ ನ್ಯಾಯ ಎಂದು ಗುಡುಗಿದರೆ, ಮುಂದಿನ ಬೆಂಚಿನ ಹುಡುಗರು ಬಂದರು ಮುಚ್ಚಿದವರು ತಾವೇ ಎಂಬಂತೆ ತಲೆ ತಗ್ಗಿಸುತ್ತಿದ್ದರು.

ಈ ಪಾಠವನ್ನು ಅವರು ಮೊದಲು ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿಕೊಳ್ಳುತ್ತಿದ್ದರು. ಒಲೆಯ ಮುಂದೆ ಕೂತ ಹೆಂಡತಿ ಸುಂದ್ರಮ್ಮನಿಗೆ ಕೇಳದೆ ಗತಿ ಇರಲಿಲ್ಲ.

ಆಮೇಲೆ ಊರಿಗೆ ಕಾಲುವೆ ಬಂತು. ಜೋಳ ಬೆಳೆಯುತ್ತಿದ್ದ ನೆಲ ಭತ್ತಕ್ಕೆ ಹೊರಳಿತು, ನೀರಿನ ಹಿಂದೆಯೇ ಜಗಳವೂ ಹರಿದು ಬಂತು. ನಮ್ಮೂರ ತೂಬಿನ ನೀರು ಹಂಚಲು ಒಂದು ಸಂಘವಾಯಿತು. ಅಧ್ಯಕ್ಷರಾಗಲು ಬೇರೆ ಯಾರೂ ಒಪ್ಪದ ಕಾರಣ ಮಾಸ್ತರರು ಸರ್ವಾನುಮತದಿಂದ ಆರಿಸಿ ಬಂದರು. ತೂಬಿನ ಗೇಟಿನ ಕೀಲಿಕೈ ಅವರ ಉಡದಾರಕ್ಕೆ ಬಿದ್ದದ್ದೇ ತಡ, ಕಾಲುವೆಯಲ್ಲಿ ಎಮ್ಮೆಯ ಮೈ ತೊಳೆದರೆ ದಂಡ, ಬಟ್ಟೆ ಒಗೆದರೆ ದಂಡ, ದಂಡ ಯಾಕೆಂದು ಕೇಳಿದರೆ ಅದಕ್ಕೊಂದು ದಂಡ. ಸ್ಟ್ಯಾಂಪ್ ಕಾಯ್ದೆಯನ್ನು ಬೈದು ಬೈದು ಗಂಟಲು ಹರಿದುಕೊಂಡಿದ್ದ ಮನುಷ್ಯ ಸುರಪುರಕ್ಕೆ ಹೋಗಿ ರಬ್ಬರ್ ಸ್ಟ್ಯಾಂಪ್ ಮಾಡಿಸಿ ತಂದರು. ಅದನ್ನು ಒತ್ತಿದ ಚೀಟಿ ಇಲ್ಲದೆ ಯಾರ ಪಾಳಿಗೂ ನೀರಿಲ್ಲ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಒಂದು ಬೆಳಿಗ್ಗೆ ನೋಡಿದರೆ ಗೇಟಿನ ಬೀಗ ಒಡೆದಿತ್ತು. ಯಾರೋ ಕದ್ದು ನೀರು ಹರಿಸಿಕೊಂಡಿದ್ದರು. ಮಾಸ್ತರರು ಹೊಸ ಬೀಗ ಜಡಿದು, ಒಡೆದವನು ಬಂದು ಒಪ್ಪಿಕೊಳ್ಳುವ ತನಕ ಕೆಳಗಿನ ಗದ್ದೆಗಳಿಗೆ ಹನಿ ನೀರೂ ಇಲ್ಲವೆಂದು ಡಂಗುರ ಸಾರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಕಟ್ಟಕಡೆಯದು ಹುಸೇನಬೀಯ ಗದ್ದೆ. ಗಂಡ ಸತ್ತ ಮೇಲೆ ಒಬ್ಬಳೇ ದುಡಿಯುವ ಹೆಂಗಸು, ಬೀಗದ ಗೊಡವೆಗೆ ಹೋದವಳಲ್ಲ. ಅವಳ ಭತ್ತ ಆಗಷ್ಟೇ ತೆನೆ ಹೊರಡುತ್ತಿತ್ತು. ಈ ಪಾಳಿಯ ನೀರು ತಪ್ಪಿದರೆ ಕಾಳು ಹಿಡಿಯದೆ ಎಲ್ಲವೂ ಜೊಳ್ಳು.

ಅವಳು ಮಾಸ್ತರರ ಮನೆಗೆ ಬಂದಳು. ಮಾಸ್ತರರು ಶಿಸ್ತಿನ ಮಹತ್ವವನ್ನು ಉದ್ದಕ್ಕೆ ವಿವರಿಸಿದರು. ಅಷ್ಟರಲ್ಲಿ ಸುಂದ್ರಮ್ಮ ಕಪ್ಪು-ಬಸಿಯಲ್ಲಿ ಚಹಾ ತಂದಿಟ್ಟಳು. ನಮ್ಮ ಕಡೆ ವೈರಿಯ ಮನೆಯಲ್ಲಾದರೂ ಮುಂದಿಟ್ಟ ಚಹಾ ಬೇಡವೆನ್ನುವುದಿಲ್ಲ. ಬೇಡವೆಂದರೆ ಆ ಮನೆಯ ಸಂಬಂಧವೇ ಬೇಡವೆಂದ ಹಾಗೆ. ಹುಸೇನಬೀ ಬಸಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ನೀರು ಬಿಟ್ಟ ಮ್ಯಾಲ ಕುಡಿತೀನ್ರಿ ಅಕ್ಕ" ಎಂದಳು. ಹೇಳಿದ್ದು ಸುಂದ್ರಮ್ಮನಿಗೆ, ಮಾಸ್ತರರಿಗಲ್ಲ.

ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನದಿಂದ ಚೀಟಿಗೆ ಬಂದವರು ಯಾರೂ ಚಹಾ ಮುಟ್ಟಲಿಲ್ಲ. ಮೇಲಿನ ಗದ್ದೆಯ ಪರಮಣ್ಣ ನೀರಿನ ಸಲುವಾಗಿ ಕೆಳಗಿನವರೊಡನೆ ಬಡಿದಾಡಿದ್ದವನು. ಅಂಥವನೂ ಕಪ್ಪು ಸರಿಸಿ, ತನ್ನ ಪಾಳಿಯ ನೀರನ್ನು ಹುಸೇನಬೀಗೆ ಬಿಡಿ ಎಂದ. ಒಬ್ಬರ ಪಾಳಿ ಇನ್ನೊಬ್ಬರಿಗೆ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದರು ಮಾಸ್ತರರು. ಆ ಕಾಯ್ದೆಯನ್ನು ಅವರು ಪರಮಣ್ಣನ ಎದುರಿಗೇ, ಅವನು ಕೇಳಿದ ಮೇಲೆ ಬರೆದರು.

ಕೆನೆಗಟ್ಟಿದ ಚಹಾವನ್ನು ಒಳಗೆ ಒಯ್ದು ಒಯ್ದು ಸುಂದ್ರಮ್ಮನಿಗೆ ಸಾಕಾಯಿತು. ಕಾಯ್ದೆ ಗಂಡನದು, ತಿರುಗಿ ಬರುವ ಚಹಾ ಅವಳದು. ಅವಳು ಜಗಳವಾಡಲಿಲ್ಲ. ದೊಡ್ಡ ಬೋಗುಣಿಯ ತುಂಬ ಚಹಾ ಕಾಸಿ, ಅದನ್ನು ಸೆರಗಿನಿಂದ ಹಿಡಿದುಕೊಂಡು ಕಾಲುವೆಯ ಕಡೆ ನಡೆದಳು. ಮಾಸ್ತರರು ಬರಿಗಾಲಲ್ಲಿ ಹಿಂದೆ ಓಡಿದರು, ಅವರ ಹಿಂದೆ ಅರ್ಧ ಊರು. ಗೇಟಿನ ಪಕ್ಕ ನಿಂತು ಸುಂದ್ರಮ್ಮ ಅಷ್ಟೂ ಚಹಾವನ್ನು ಕಾಲುವೆಗೆ ಸುರಿದಳು.

"ಹಿಂಗ ಸುರುವಿದ್ರಂತ ನೀವ ಹೇಳಿದ್ರಲ್ರಿ" ಎಂದಳು. "ಈಗ ನಮ್ಮ ಮನಿಗೂ ಕೀಲಿ ಹಾಕ್ತೀರೋ, ಗೇಟ್ ತಗೀತೀರೋ?"

ಕಾಲುವೆಗೆ ಚಹಾ ಸುರಿದರೆ ದಂಡವೆಷ್ಟೆಂದು ಅವರ ಕಾಯ್ದೆಯಲ್ಲಿ ಬರೆದಿರಲಿಲ್ಲ. ಮಾಸ್ತರರು ಸುತ್ತ ನೋಡಿದರು. ಯಾರೂ ನಗಲಿಲ್ಲ, ಅದೇ ಅವರಿಗೆ ಹೆಚ್ಚು ನಾಟಿರಬೇಕು. ಉಡದಾರದಿಂದ ಕೀಲಿಕೈ ಬಿಚ್ಚಿ ಬೀಗ ತೆಗೆದರು.

ನೀರು ಕಡೆಯ ಗದ್ದೆ ಮುಟ್ಟಿತೋ ಇಲ್ಲವೋ ನೋಡಲು ಸಂಜೆ ಅವರೇ ಬದುವಿನ ಮೇಲೆ ಹೊರಟರು. ಅವರ ಬಳಿ ಓದಿದ ನಾನೂ ಜೊತೆಗಿದ್ದೆ. ಭತ್ತದ ಬುಡ ಚೆನ್ನಾಗಿ ತೊಯ್ದಿತ್ತು. ಹುಸೇನಬೀ ಕೆಸರುಗೈ ತೊಳೆದುಕೊಂಡು, ಬುತ್ತಿಯ ಜೊತೆ ತಂದಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಮುಂದೆ ಹಿಡಿದಳು. ಮಾಸ್ತರರು ಎರಡೂ ಕೈಯಿಂದ ತೆಗೆದುಕೊಂಡರು. ಕುಡಿಯುತ್ತ ಕೂತರೆ ಬಾಯಿ ಸುಮ್ಮನಿರಬೇಕಲ್ಲ, ಬಾಸ್ಟನ್ನಿನ ಕಥೆ ಎತ್ತಿಯೇ ಬಿಟ್ಟರು. ಆ ರಾಜ ಕಡೆಯವರೆಗೂ ಹಟ ಬಿಡಲಿಲ್ಲ, ಇಡೀ ದೇಶವನ್ನೇ ಕಳೆದುಕೊಂಡ ಎಂದರು.

ಹುಸೇನಬೀ ನಿಜವಾದ ಮರುಕದಿಂದ ಕೇಳಿದಳು: "ಪಾಪ, ಆ ರಾಜಾಗ ಹೇಂತಿ ಇರಲಿಲ್ಲೇನ್ರಿ?"

ಮಾಸ್ತರರು ಲೋಟ ಮುಂದೆ ಚಾಚಿ ಇನ್ನಷ್ಟು ಚಹಾ ಕೇಳಿದರು.